ಕಪ್ಪು ಪ್ಯಾಂಟ್

ರಿಪೋರ್ಟ್‌ನಲ್ಲಿ ಪಿಎಸ್‌ಎ, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಸುಳಿವು ಕೊಡುವ ರಕ್ತಪರೀಕ್ಷೆಯ ನಂಬರ್, 5.8 ಎಂದಿತ್ತು. ಪಕ್ಕದಲ್ಲೇ 4ರ ಒಳಗಿರಬೇಕು ಅಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನನಗಾಗ 57. ಒಂದು ತೊಂದರೆಯೂ ಇರಲಿಲ್ಲ. ಹಿಂದಿನ ವರ್ಷ ಅಣ್ಣನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಗಿತ್ತು. ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ನಮಗೂ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಜಾಸ್ತಿ. ಅದಕ್ಕೇ ಹೆಂಡತಿ ಬೆನ್ನು ಬಿದ್ದು ರಕ್ತ ಕೊಡಿಸಿದ್ದಳು.

ಡಾಕ್ಟರ್ ಮೊದಲು ಕೇಳಿದ್ದು, "ರಕ್ತ ಕೊಡುವ ಮುಂಚೆ ಸೈಕಲ್ ಹೊಡೆದಿದ್ರಾ?" ಹಿಂದಿನ ದಿನವೇ 40 ಕಿಲೋಮೀಟರ್ ಹೊಡೆದಿದ್ದೆ. ಎರಡು ದಿನದೊಳಗೆ ವೀರ್ಯ ಸ್ಖಲನವಾಗಿತ್ತಾ, ಉರಿಮೂತ್ರ ಇತ್ತಾ ಅಂತಲೂ ಕೇಳಿದರು. ಇವೆಲ್ಲದರಿಂದಲೂ ನಂಬರ್ ಏರಬಹುದಂತೆ. ವಯಸ್ಸಾದಂತೆ ಗ್ರಂಥಿ ಸುಮ್ನೆ ದಪ್ಪಗಾದರೂ ಏರುತ್ತದೆ. ಇದನ್ನು ರಕ್ತ ಕೊಡುವ ಮುಂಚೆ ಒಬ್ಬರಾದರೂ ಹೇಳಬಾರದಿತ್ತಾ?

ಆರು ವಾರ ಬಿಟ್ಟು ಮತ್ತೆ ನೋಡಿದಾಗ 5.4. ಎಂಆರ್‌ಐನಲ್ಲಿ ಒಂದು ಚುಕ್ಕೆ ಕಂಡಿತು. ಆಮೇಲೆ ಬಯಾಪ್ಸಿ, ಸೂಜಿಯಿಂದ ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ. ನೋವಿಗಿಂತ ಆ ಶಬ್ದವೇ ಜಾಸ್ತಿ ನೆನಪಿದೆ. ಸ್ಟೇಪ್ಲರ್ ಒತ್ತಿದ ಹಾಗೆ ಟಕ್, ಟಕ್. ಹದಿನಾಲ್ಕು ಸಲ ಎಣಿಸಿದೆ.

ಕ್ಯಾನ್ಸರ್ ಎಷ್ಟು ಜೋರಿನದು ಎಂದು ಹೇಳುವ ಗ್ಲೀಸನ್ ಸ್ಕೋರ್ 6 ಬಂತು. ಹತ್ತಕ್ಕೆ ಆರು ಎಂದರೆ ಅರ್ಧಕ್ಕಿಂತ ಮುಂದೆ ಹೋಗಿದೆ ಎಂದುಕೊಂಡು ಕೈಕಾಲು ತಣ್ಣಗಾದವು. ಕ್ಯಾನ್ಸರ್ ಎಂದು ಬರೆಯುವುದೇ ಈಗ 6ರಿಂದ, ಅಂದರೆ ಅದೇ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಎಂದು ಗೊತ್ತಾಗಲು ಇನ್ನೂ ಹತ್ತು ನಿಮಿಷ ಬೇಕಾಯಿತು. "ಈಗ ಏನೂ ಮಾಡೋದು ಬೇಡ, ಆಗಾಗ ಪಿಎಸ್‌ಎ ನೋಡ್ತಾ ಇರೋಣ, ಬೇಕಾದರೆ ಮತ್ತೆ ಬಯಾಪ್ಸಿ" ಎಂದರು ಡಾಕ್ಟರ್. ಮೈಯೊಳಗೆ ಕ್ಯಾನ್ಸರ್ ಇದೆ, ಏನೂ ಮಾಡೋದು ಬೇಡ! ಅದು ಸರಿಯಾದ ಸಲಹೆ ಅಂತ ಈಗ ಒಪ್ಪುತ್ತೇನೆ. ಆವತ್ತು ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ನರ್ಸ್ ಒಬ್ಬರು ಹೇಳಿದರು ಅಂತ ಒಂದು ಶನಿವಾರ, ಇದೇ ಕಾಯಿಲೆಯವರು ಸೇರುವ ಕಡೆ ಹೋದೆ. ಹನ್ನೊಂದು ಜನ ಗಂಡಸರು ಗುಂಡಗೆ ಕೂತಿದ್ದರು. ಮೊದಲ ಅರ್ಧ ಗಂಟೆ ಬರೀ ನಂಬರ್‌ಗಳ ಮಾತು. ನಿಮ್ಮದೆಷ್ಟು, ನಂದಿಷ್ಟು. ಗಂಡಸರಿಗೆ ಲೆಕ್ಕ ಸಿಕ್ಕರೆ ಸಾಕು, ಹೆದರಿಕೆ ಬಾಯಿಗೆ ಬರುವುದೇ ಇಲ್ಲ.

ಅಷ್ಟರಲ್ಲಿ ಎಪ್ಪತ್ತರ ಹತ್ತಿರದವರೊಬ್ಬರು ಚೀಲದಿಂದ ಮಡಿಸಿದ ಪ್ಯಾಡ್ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಕರ್ಚೀಫಿನಷ್ಟಿತ್ತು. "ಆಪರೇಷನ್ ಆಗಿ ಮೂತ್ರದ ಟ್ಯೂಬ್ ತೆಗೆದ ಮೇಲೆ ದಿನಕ್ಕೆ ಐದು ಬೇಕಾಗ್ತಿತ್ತು. ಕೆಮ್ಮಿದರೆ ಸೋರೋದು, ಕುರ್ಚಿಯಿಂದ ಎದ್ದರೆ ಸೋರೋದು. ಕೆಳಗಿನ ಸ್ನಾಯು ಬಿಗಿ ಹಿಡಿಯೋ ವ್ಯಾಯಾಮವನ್ನ ಆಪರೇಷನ್‌ಗೆ ಮುಂಚೆಯೇ ಶುರು ಮಾಡಬೇಕಿತ್ತು ನಾನು" ಎಂದರು. ಹಾಸಿಗೆಯಲ್ಲಿ ಮೊದಲಿನ ಹಾಗೆ ಆಗಲ್ಲ ಅನ್ನೋದನ್ನೂ ಅದೇ ದನಿಯಲ್ಲಿ ಹೇಳಿದರು. ಒಬ್ಬರೂ ನಗಲಿಲ್ಲ. ನನ್ನ ಪಕ್ಕದವರು ಮೆಲ್ಲಗೆ, "ಅದಕ್ಕೇ ನಾನು ಬರೀ ಕಪ್ಪು ಪ್ಯಾಂಟ್ ಹಾಕೋದು" ಎಂದರು.

ನನ್ನ ಎದೆ ಧಸಕ್ಕೆಂದಿತು. ಅಣ್ಣನೂ ಒಂದು ವರ್ಷದಿಂದ ಬರೀ ಕಪ್ಪು ಪ್ಯಾಂಟ್ ಹಾಕುತ್ತಿದ್ದ. "ಏನೋ ಹೊಸ ಸ್ಟೈಲು?" ಅಂತ ಎಲ್ಲರೆದುರು ಛೇಡಿಸಿದ್ದೆ. ದೂರದ ಪ್ರಯಾಣ ಅಂದರೆ ಸಬೂಬು ಹೇಳುತ್ತಿದ್ದ. ಹೇಗಿದ್ದೀಯಾ ಅಂದರೆ ಒಂದೇ ಉತ್ತರ, ಚೆನ್ನಾಗಿದ್ದೀನಿ. ನಾನೂ ಅದನ್ನೇ ನಂಬಿ ಆರಾಮಾಗಿದ್ದೆ, ಕೇಳದೇ ಇರೋದು ಸುಲಭ ಅಲ್ವಾ.

ಹೊರಗೆ ಬಂದು ಕಾರಿನಲ್ಲಿ ಕೂತು ಫೋನ್ ಮಾಡಿದೆ. ಹೇಗೆ ಶುರು ಮಾಡೋದು ತಿಳಿಯಲಿಲ್ಲ.

"ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತೆ?" ಎಂದೆ.

ಆ ಕಡೆ ಟಿವಿ ಸದ್ದು ಕೇಳುತ್ತಿತ್ತು. ಅದು ನಿಂತಿತು. ಬಾಗಿಲು ಹಾಕಿದ ಸದ್ದು.

"ಈಗ ಎರಡು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಯಾರು ಹೇಳಿದ್ರು ನಿಂಗೆ?"