ಬೋಟ್ ಎಷ್ಟೇ ದೊಡ್ಡದಿರಲಿ, ಮೊದಲು ಆಳ ನೋಡಿ

ದುಬೈನಲ್ಲಿ ವೇಕ್‌ಸರ್ಫಿಂಗ್ ಬೋಟ್ ಓಡಿಸೋದು ನನ್ನ ಕೆಲಸ. ಬೋಟ್ ಹಿಂದೆ ಏಳುವ ಅಲೆಯ ಮೇಲೆ ಹಲಗೆ ಇಟ್ಟು ನಿಲ್ಲುವ ಆಟ ಇದು. ಎದ್ದು ನಿಲ್ಲುವ ತನಕ ಹಗ್ಗ ಬೇಕು, ಆಮೇಲೆ ಬಿಟ್ಟುಬಿಡುತ್ತಾರೆ. ಅಲೆಯೇ ತಳ್ಳಿಕೊಂಡು ಹೋಗುತ್ತದೆ. ರಜೆಗೆ ಹುಬ್ಬಳ್ಳಿಗೆ ಬಂದಾಗ ವಿಡಿಯೋ ನೋಡಿದವರೆಲ್ಲ ಕೇಳೋದು ಒಂದೇ: ಎಂಜಿನ್ ಎಷ್ಟು ಹಾರ್ಸ್‌ಪವರ್?

ಇಲ್ಲಿ ಎಂಜಿನ್‌ಗಿಂತ ಭಾರದ ಮಾತೇ ದೊಡ್ಡದು. ಗಂಟೆಗೆ 16ರಿಂದ 19 ಕಿಲೋಮೀಟರ್ ವೇಗ ಸಾಕು. ಜೋರಾಗಿ ಬಿಟ್ಟರೆ ಬೋಟ್ ಮೇಲೆದ್ದು ಜಾರುತ್ತದೆ, ಅಲೆ ಸಣ್ಣದಾಗುತ್ತದೆ. ನಮಗೆ ಅದರ ಉಲ್ಟಾ ಬೇಕು. ಬೋಟ್ ನೀರಲ್ಲಿ ಇಳಿದುಕೊಂಡೇ ಸಾಗಬೇಕು. ಅದಕ್ಕೇ ಬ್ಯಾಲಸ್ಟ್ ಟ್ಯಾಂಕ್‌ಗಳಿಗೆ ಪಂಪಿನಿಂದ ನೀರು ತುಂಬುತ್ತೇವೆ. 1000 ಲೀಟರ್ ಅಂದರೆ ಒಂದು ಟನ್. ಭಾರ ಹಿಂದಕ್ಕೆ ಹೋದರೆ ಅಲೆ ಎತ್ತರ, ಆದರೆ ಉದ್ದ ಕಡಿಮೆ. ಸ್ವಲ್ಪ ಮುಂದಕ್ಕೆ ತಂದರೆ ಅಲೆ ಉದ್ದವಾಗುತ್ತದೆ, ಹೊಸಬರಿಗೆ ಅದೇ ಹಿತ. ಬಲಗಡೆ ಸರ್ಫ್ ಮಾಡುವವರಿದ್ದರೆ ಬಲಕ್ಕೆ ಭಾರ ಜಾಸ್ತಿ ಇಡಬೇಕು. ಹೊಸ ಬೋಟ್‌ಗಳ ಹಿಂಭಾಗದ ಎರಡೂ ಬದಿಗೆ ನೀರಿನ ಹರಿವು ತಿರುಗಿಸುವ ಗೇಟ್ ಅನ್ನೋ ಫಲಕ ಇರುತ್ತದೆ, ಎಡಗಡೆಯದನ್ನು ತೆರೆದರೆ ಬಲಗಡೆಯ ಅಲೆ ಚೊಕ್ಕ ಆಗುತ್ತದೆ. ಕೂತವರ ತೂಕವೂ ಲೆಕ್ಕಕ್ಕೆ ಬರುತ್ತದೆ. ದುಡ್ಡು ಕೊಟ್ಟು ಬಂದ ಸಾಹೇಬರಿಗೆ “ಸ್ವಲ್ಪ ಆ ಕಡೆ ಕೂರಿ” ಅನ್ನೋದೇ ಈ ಕೆಲಸದ ಕಷ್ಟದ ಭಾಗ ಅನ್ನಿ.

ಇಷ್ಟೆಲ್ಲ ಹೊಂದಿಸಿದರೂ ಕೆಳಗೆ ನೀರಿಲ್ಲದಿದ್ದರೆ ದಂಡ. ಎರಡೂವರೆ ಮೀಟರ್ ಆಳದ ನೀರಲ್ಲಿ ಅಲೆಗೆ ಗಂಟೆಗೆ ಸುಮಾರು 18 ಕಿಲೋಮೀಟರ್‌ಗಿಂತ ಜೋರಾಗಿ ಹೋಗೋಕೆ ಆಗಲ್ಲ. ನಮ್ಮ ಬೋಟ್ ವೇಗವೂ ಅಷ್ಟೇ ಅಲ್ವಾ? ಬೋಟ್ ತಾನೇ ಎಬ್ಬಿಸಿದ ನೀರನ್ನು ದಾಟೋಕೆ ಒದ್ದಾಡುತ್ತದೆ. ಹಿಂಭಾಗ ಕುಸಿಯುತ್ತದೆ, ಎಂಜಿನ್ ಗೊರಗೊರ ಅನ್ನುತ್ತದೆ. ಡೆಪ್ತ್ ಮೀಟರ್ 20 ಅಡಿಯಿಂದ 9ಕ್ಕೆ ಇಳಿದಾಗ ಹಿಂದೆ ತಿರುಗಿ ನೋಡಿ. ಥ್ರಾಟಲ್ ಮುಟ್ಟಿರೋದಿಲ್ಲ, ಆದರೂ ಅಲೆಯ ತುದಿ ಮೆತ್ತಗಾಗಿ, ಮೇಲಿದ್ದವರು ನಿಧಾನಕ್ಕೆ ಹಿಂದೆ ಬಿದ್ದು ಮುಳುಗುತ್ತಾರೆ. ಗಿರಾಕಿ ಬಯ್ಯೋದು ಮಾತ್ರ ಡ್ರೈವರ್‌ಗೆ. 10 ಅಡಿಗಿಂತ ಕಡಿಮೆ ಇದ್ದಲ್ಲಿ ನಾನು ಟ್ಯಾಂಕ್ ತುಂಬೋದೇ ಇಲ್ಲ. 15 ದಾಟಿದರೆ ಸಮಾಧಾನ.

ಅಕ್ಕನ ಮಗ ಉಣಕಲ್ ಕೆರೆ ದಂಡೆಯಲ್ಲಿ ಕೇಳಿದ, “ಮಾಮಾ, ಇಲ್ಲೇ ಯಾಕ ಮಾಡಬಾರದು?”

“ಹೂಳು ಎಷ್ಟೈತಿ, ನೀರು ಎಷ್ಟೈತಿ, ಮೊದಲ ಅದನ್ನ ಅಳೀಬೇಕಪಾ” ಅಂದೆ. ಅಂತರಗಂಗೆ ಬಳ್ಳಿ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಅಲ್ಲೇ ನಿಲ್ಲಬೇಕು. ಅಂಥ ಅಲೆ ದಿನಾ ಬಡಿದರೆ ದಂಡೆಯ ಮಣ್ಣೂ ಕುಸಿಯುತ್ತದೆ.

ಅವನು ಬಿಡಲಿಲ್ಲ. ಹಿಂದೆ ಎಂಜಿನ್ ತೂಗುಹಾಕಿದ ಸಾದಾ ಬೋಟ್ ತಂದು ಮೂಟೆ ಹೇರಿದರೆ ಹೇಗೆ ಅಂದ. ಇದಕ್ಕೆ ಮಾತ್ರ ಖಡಕ್ಕಾಗಿ ಬೇಡ ಅಂದೆ. ಸರ್ಫ್ ಬೋಟ್‌ನಲ್ಲಿ ಪ್ರೊಪೆಲ್ಲರ್ ತಳದ ಅಡಿಯಲ್ಲಿ, ಒಳಕ್ಕೆ ಇರುತ್ತದೆ. ಸಾದಾ ಬೋಟ್‌ನಲ್ಲಿ ಅದು ಹಿಂದೆ ಬಯಲಿಗೇ ತಿರುಗುತ್ತಿರುತ್ತದೆ, ಸರ್ಫ್ ಮಾಡುವವರು ಅದರಿಂದ ಕೆಲವೇ ಅಡಿ ದೂರದಲ್ಲಿರುತ್ತಾರೆ.