ಬೀದಿಗೆ ಕಟ್ಟಿದ ಮುಡಿಪು

ನವೆಂಬರಿನ ಎರಡನೆಯ ಭಾನುವಾರ ಇಂಗ್ಲೆಂಡಿನಲ್ಲಿ ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ. ಊರಿನಿಂದ ಬಂದು ಮೂರು ವಾರ ನನ್ನೊಡನಿದ್ದ ಅಮ್ಮನನ್ನು ಆ ದಿನ ಬೆಳಿಗ್ಗೆ ಪೂರ್ವ ಲಂಡನ್ನಿನ ಕೊಲಂಬಿಯಾ ರೋಡಿನ ಹೂವಿನ ಸಂತೆಗೆ ಕರೆದುಕೊಂಡು ಹೋಗಿದ್ದೆ. ಸೇವಂತಿಗೆಯನ್ನು ಮೊಳದ ಲೆಕ್ಕದಲ್ಲಿ ಮಾರದೆ ಕಡ್ಡಿಸಮೇತ ಕಟ್ಟಿ ಕೊಡುತ್ತಾರೆಂಬುದು ಅವಳಿಗೆ ಸರಿಕಾಣದಿದ್ದರೂ ಒಂದು ಕಟ್ಟು ಕೊಂಡಳು. ಎಲ್ಲರೂ ಎದೆಗೆ ಸಿಕ್ಕಿಸಿಕೊಂಡಿದ್ದ ಕೆಂಪು ಕಾಗದದ ಹೂವು ಗಸಗಸೆಯ ಜಾತಿಯದು ಎಂದಾಗ, ಪಾಯಸ ಮಾಡುವ ಗಸಗಸೆಗೂ ಯುದ್ಧಕ್ಕೂ ಏನು ನಂಟು ಎಂದು ಕೇಳಿ ನನ್ನನ್ನು ಬಹಳ ಹೊತ್ತು ಮಾತನಾಡಿಸಿದಳು.

ಅಲ್ಲಿಂದ ಬೆತ್ನಲ್ ಗ್ರೀನಿನ ಸೈಪ್ರಸ್ ಸ್ಟ್ರೀಟಿಗೆ ನಡೆದೆವು. ಎರಡಂತಸ್ತಿನ ಸಾಲುಮನೆಗಳ ಸಣ್ಣ ಬೀದಿ ಅದು. ಅಲ್ಲಿನ ಒಂದು ಮನೆಯ ಹೊರಗೋಡೆಗೇ ಬಿಳಿಯ ಸ್ಮಾರಕಫಲಕವಿದ್ದು, ಮೊದಲ ಮಹಾಯುದ್ಧದಲ್ಲಿ ಸತ್ತ ಅದೇ ಬೀದಿಯ 26 ಜನರ ಹೆಸರುಗಳು ಅದರಲ್ಲಿವೆ. ಕೆಳಗಿನ ಚಿಕ್ಕ ಫಲಕ ಎರಡನೆಯ ಮಹಾಯುದ್ಧದವರದು. ಮೇಲಿನ ದೊಡ್ಡ ಫಲಕವನ್ನು ಇಡಿಸಿದ್ದು ಸರ್ಕಾರವಲ್ಲ, ಯುದ್ಧದಿಂದ ಮರಳಿ ಬಂದ ಸೈನಿಕರು ಮತ್ತು ನಾವಿಕರು ಕಟ್ಟಿಕೊಂಡಿದ್ದ ಸ್ಥಳೀಯ ಸಂಘ. ಅಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿ, "ಇಷ್ಟು ಮನೆಗೆ ಇಷ್ಟು ಜನವೇ?" ಎಂದಳು. ಉತ್ತರ ಇಂಗ್ಲೆಂಡಿನ ಆಲ್ಟ್ರಿಂಚಮ್ ಊರಿನ ಚಾಪೆಲ್ ಸ್ಟ್ರೀಟಿನಲ್ಲಿದ್ದ 60 ಮನೆಗಳಿಂದ 161 ಜನ ಸೇನೆಗೆ ಸೇರಿದ್ದರೆಂದು ನಾನು ಹೇಳಿದ್ದನ್ನು ಅವಳು ಮೊದಲು ನಂಬಲಿಲ್ಲ.

ನನಗೆ ಅವಳಿಗೆ ತೋರಿಸಬೇಕೆನಿಸಿದ್ದು ನಿಜವಾಗಿ ಈ ಕಲ್ಲಲ್ಲ, ಇದಕ್ಕಿಂತ ಮೊದಲಿನದು. ಆದರೆ ತೋರಿಸಲು ಆ ಭಾಗದಲ್ಲಿ ಈಗ ಅದು ಉಳಿದಿಲ್ಲ. ಇಲ್ಲಿಂದ ತುಸು ಉತ್ತರಕ್ಕಿರುವ ಸೌತ್ ಹ್ಯಾಕ್ನಿಯಲ್ಲಿ 1916ರಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಬೀದಿಬೀದಿಯ ಗೋಡೆಗಳಿಗೆ ಮರದ ಗೂಡುಗಳನ್ನು ಹೊಡೆದು, ಆ ಬೀದಿಯಿಂದ ಸೇನೆಗೆ ಹೋದವರೆಲ್ಲರ ಹೆಸರನ್ನು ಬರೆದು, ಮೇಲೊಂದು ಶಿಲುಬೆ, ಕೆಳಗೆ ಹೂವಿಡಲು ಹಲಗೆ ಮಾಡಿದ್ದರು. ಮುಂದೆ ನಿಂತವರು ಚರ್ಚಿನ ಪಾದ್ರಿಗಳಾದರೂ ದಿನವೂ ನೀರು ಬದಲಾಯಿಸಿ ಹೂವಿಟ್ಟವರು ಬೀದಿಯ ಹೆಂಗಸರು. ಆ ವರ್ಷದ ಆಗಸ್ಟಿನಲ್ಲಿ ರಾಣಿ ಮೇರಿ ಬಂದು ಆ ಗೂಡುಗಳನ್ನು ನೋಡಿ ಹೋದ ಮೇಲೆ ಈ ರೂಢಿ ಬೇರೆ ಊರುಗಳಿಗೂ ಹಬ್ಬಿತು. ಬೀದಿಯಲ್ಲಿ ಶಿಲುಬೆ ನಿಲ್ಲಿಸಿ ಪ್ರಾರ್ಥಿಸುವುದು ಕ್ಯಾಥೊಲಿಕ್ ಪದ್ಧತಿಯೆಂದು ಸಿಡುಕಿದ ಪ್ರಾಟೆಸ್ಟಂಟರೂ ಇದ್ದರು. ಕಣ್ಣೆದುರು ಮಗನ ಗೋರಿಯೇ ಇಲ್ಲದ ತಾಯಂದಿರ ಮುಂದೆ ಅಂತಹ ವಾದ ಹೂಡಲು ಅವರಿಗೆ ಮನಸ್ಸು ಹೇಗೆ ಬಂತೋ ತಿಳಿಯದು, ಏಕೆಂದರೆ ಸತ್ತವರ ದೇಹಗಳನ್ನು ತಾಯ್ನಾಡಿಗೆ ತರುವುದನ್ನು 1915ರಲ್ಲೇ ನಿಷೇಧಿಸಲಾಗಿತ್ತು, ಮತ್ತು 1916ರ ಜುಲೈ 1ರಂದು, ಫ್ರಾನ್ಸಿನ ಸೊಮ್ ಕದನದ ಮೊದಲ ದಿನವೊಂದರಲ್ಲೇ, ಬ್ರಿಟಿಷ್ ಸೇನೆಯ 19,000ಕ್ಕೂ ಹೆಚ್ಚು ಜನ ಸತ್ತಿದ್ದರು.

ಇದನ್ನೆಲ್ಲ ಹೇಳುತ್ತ, ನಮ್ಮೂರಿನ ಕೆರೆ ಏರಿಯ ವೀರಗಲ್ಲನ್ನು ನೆನಪಿಸಿದರೆ ಅಮ್ಮನಿಗೆ ಸುಲಭವಾಗಿ ತಿಳಿದೀತೆಂದು ನಾನು ಎಣಿಸಿದ್ದೆ. ಅವಳು ಒಪ್ಪಲಿಲ್ಲ. ವೀರಗಲ್ಲು ನಿಲ್ಲಿಸುವುದು ಸತ್ತ ಮೇಲೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ಅಲ್ಲಿಗೆ ಅವನ ಕಥೆ ಮುಗಿಯಿತು. "ನೀನು ಹೇಳುವ ಗೂಡಿನಲ್ಲಿ ಬದುಕಿದವರ ಹೆಸರೂ ಇತ್ತಲ್ಲ, ಅದು ಮುಡಿಪಿನ ಹಾಗೆ" ಎಂದಳು.

1971ರ ಯುದ್ಧದ ಸಮಯದಲ್ಲಿ ಸೋದರಮಾವ ಸೇನೆಯಲ್ಲಿದ್ದರೆಂದು ನನಗೆ ಗೊತ್ತಿತ್ತು. ಅಜ್ಜಿ ಅವರ ಹೆಸರಿನಲ್ಲಿ ಅರಿಸಿನ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಮುಂದಿಟ್ಟು, ಹದಿನೈದು ದಿನ ಆ ಗಂಟಿನ ಮೇಲೆ ಕಣ್ಣಿಟ್ಟುಕೊಂಡೇ ಅಡುಗೆ ಮಾಡಿದ್ದರೆಂಬುದನ್ನು ಅಂದೇ ಕೇಳಿದ್ದು. ಕಾಗದ ಬರುವ ತನಕ ಆ ಗಂಟನ್ನು ಯಾರೂ ಮುಟ್ಟುವಂತಿರಲಿಲ್ಲವಂತೆ. ಹ್ಯಾಕ್ನಿಯ ಹೆಂಗಸರದೂ ಇದೇ ಕಾವಲು. ವ್ಯತ್ಯಾಸವೆಂದರೆ ಅವರ ಮುಡಿಪು ಇಡೀ ಬೀದಿಯದು. ಬೆಳಿಗ್ಗೆ ಹಾಲು ತರಲು ಹೊರಟವಳು ಪಕ್ಕದ ಮನೆಯ ಹುಡುಗನ ಹೆಸರಿನ ಮುಂದೆ ಸತ್ತನೆಂಬ ಗುರುತು ಹೊಸದಾಗಿ ಬಿದ್ದಿರುವುದನ್ನು ಕಾಣಬಹುದಿತ್ತು.

ಅಮ್ಮ ಸೇವಂತಿಗೆಯನ್ನು ಕಡ್ಡಿಯಿಂದ ಬಿಡಿಸಿ, ಫಲಕದ ಕೆಳಗೆ ಮೊದಲೇ ಯಾರೋ ಇಟ್ಟಿದ್ದ ಗಸಗಸೆ ಹೂವಿನ ಚಕ್ರದ ಬದಿಯಲ್ಲಿ ಇಟ್ಟಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ನಿನ್ನ ಮಾವ ಬಂದ ಮೇಲೆ ನಾವು ಮುಡಿಪು ಬಿಚ್ಚಿ ಧರ್ಮಸ್ಥಳಕ್ಕೆ ಒಪ್ಪಿಸಿ ಬಂದೆವು. ಈ ಬೀದಿಯವರು, ಬದುಕಿ ಬಂದವರ ಹೆಸರನ್ನು ಏನು ಮಾಡಿದರಪ್ಪ?"

ಆ ಗೂಡುಗಳು ಮರದ್ದು, ಹೆಸರು ಬರೆದದ್ದು ಹೆಚ್ಚಾಗಿ ಕಾಗದದ ಮೇಲೆ, ಮಳೆಗೆ ಹಾಳಾಗಿ ಹೋದವು, ಆಮೇಲೆ ಕಲ್ಲಿಗೆ ಏರಿದ್ದು ಸಾಮಾನ್ಯವಾಗಿ ಸತ್ತವರ ಹೆಸರು ಮಾತ್ರ ಎಂದೆ. ಅವಳು ಫಲಕದ ಕಡೆಗೆ ಬೆನ್ನು ಮಾಡಿ, ಬಾಗಿಲು ಹಾಕಿದ್ದ ಎದುರುಸಾಲಿನ ಮನೆಗಳನ್ನು ಒಂದೊಂದಾಗಿ ನೋಡುತ್ತ ನಿಂತಳು.