ಸಂಬಳದ ಮೇಷ್ಟ್ರು ಎದೆಗೆ ತಟ್ಟುವ ಸಂಗೀತ ಬರೆಯಬಲ್ಲರಾ?

ಸಂಯೋಜಕ ಜಾರ್ಜ್ ಕ್ರಂಬ್ ಅವರ ಸಂಗೀತವನ್ನು ಗೆಳೆಯರಿಗೆ ಕೇಳಿಸುತ್ತಿರುತ್ತೇನೆ. ಇವರು ಅಮೆರಿಕದ ಯೂನಿವರ್ಸಿಟಿಯಲ್ಲಿ ಮೇಷ್ಟ್ರಾಗಿದ್ದರು ಅಂದ ಕೂಡಲೇ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ತಿಂಗಳು ತಿಂಗಳು ಸಂಬಳ ಬರುತ್ತೆ. ಟಿಕೆಟ್ ಮಾರೋ ಚಿಂತೆ ಇಲ್ಲ. ಅಂಥವರು ಜನ ಕೇಳಲಿ ಅಂತ ಯಾಕೆ ಬರೀತಾರೆ?"

ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 1958ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಕಲಿಸುತ್ತಿದ್ದ ಮಿಲ್ಟನ್ ಬ್ಯಾಬಿಟ್ ಅನ್ನುವ ಸಂಯೋಜಕರು ಒಂದು ಪತ್ರಿಕೆಗೆ ಲೇಖನ ಬರೆದರು. ಭೌತವಿಜ್ಞಾನಿಯ ಸಂಶೋಧನೆ ದಾರಿಹೋಕರಿಗೆ ಅರ್ಥವಾಗಬೇಕು ಅಂತ ಯಾರೂ ಕೇಳುವುದಿಲ್ಲ, ಹೊಸ ಸಂಗೀತಕ್ಕೂ ಅದೇ ಸವಲತ್ತು ಸಿಗಬೇಕು, ಅದರ ಜಾಗ ಯೂನಿವರ್ಸಿಟಿ ಅನ್ನುವುದು ಅವರ ವಾದ. "ನೀವು ಕೇಳಿದರೆಷ್ಟು, ಬಿಟ್ಟರೆಷ್ಟು" ಅನ್ನುವಂಥ ತಲೆಬರಹ ಕೊಟ್ಟದ್ದು ಪತ್ರಿಕೆಯ ಸಂಪಾದಕರು. ಜನ ನೆನಪಿಟ್ಟುಕೊಂಡದ್ದು ಆ ತಲೆಬರಹವನ್ನೇ. ಅಲ್ಲಿಂದ ಮುಂದೆ ಯೂನಿವರ್ಸಿಟಿಯ ಸಂಯೋಜಕರು ಅಂದರೆ ಬಾಗಿಲು ಹಾಕಿಕೊಂಡು ಲೆಕ್ಕ ಮಾಡುವವರು ಅನ್ನುವ ಮಾತು ಉಳಿದುಬಿಟ್ಟಿತು.

ಕ್ರಂಬ್ ಅವರನ್ನು ಕೇಳಿದ ಮೇಲೆ ನನಗೆ ಈ ಮಾತು ಒಪ್ಪಲು ಆಗುವುದೇ ಇಲ್ಲ. ಯೂನಿವರ್ಸಿಟಿ ಅವರಿಗೆ ಸಂಬಳದ ಜೊತೆಗೆ ನುಡಿಸುವವರನ್ನೂ ಕೊಟ್ಟಿತು. ವಿಚಿತ್ರವಾದದ್ದನ್ನು ಬರೆದುಕೊಟ್ಟರೂ "ಆಗಲಿ, ನೋಡೋಣ" ಅನ್ನುವಂಥವರನ್ನು.

ಅವರು ಹುಟ್ಟಿದ್ದು 1929ರಲ್ಲಿ, ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ನಲ್ಲಿ. ಅಪ್ಪ ಕ್ಲಾರಿನೆಟ್ ನುಡಿಸುತ್ತಿದ್ದರು, ಅಮ್ಮ ಚೆಲ್ಲೊ, ಅಂದರೆ ಪಿಟೀಲಿನ ಜಾತಿಯ ದೊಡ್ಡ ವಾದ್ಯ. ಊರು ಇರುವುದು ಬೆಟ್ಟಗಳ ನಡುವಿನ ನದಿ ಕಣಿವೆಯಲ್ಲಿ. ಆ ಕಣಿವೆಯ ಪ್ರತಿಧ್ವನಿಯೇ ತನ್ನ ಕಿವಿಯನ್ನು ರೂಪಿಸಿತು ಎಂದು ಕ್ರಂಬ್ ಮತ್ತೆ ಮತ್ತೆ ಹೇಳಿದ್ದಾರೆ. ಓದೆಲ್ಲ ಮುಗಿಸಿ 1959ರಲ್ಲಿ ಕೊಲರಾಡೊ ಯೂನಿವರ್ಸಿಟಿಯಲ್ಲಿ ಪಿಯಾನೊ ಕಲಿಸಲು ಸೇರಿದರು. ಅಲ್ಲಿ ಜೊತೆಯಾದವರು ಡೇವಿಡ್ ಬರ್ಜ್ ಎಂಬ ಪಿಯಾನೊ ವಾದಕರು. 1962ರಲ್ಲಿ ಅವರಿಗಾಗಿ ಕ್ರಂಬ್ ಐದು ಪುಟ್ಟ ರಚನೆಗಳನ್ನು ಬರೆದರು. ವಾದಕ ಎದ್ದು ಪಿಯಾನೊದ ಒಳಗೆ ಕೈಹಾಕಿ ತಂತಿ ಮೀಟಬೇಕು, ಒತ್ತಿ ಹಿಡಿದು ನಾದ ತಡೆಯಬೇಕು. ಕ್ರಂಬ್ ತಮ್ಮದೇ ದನಿ ಕಂಡುಕೊಂಡದ್ದು ಇಲ್ಲಿ. ಹತ್ತು ವರ್ಷದ ನಂತರ ಅದೇ ಬರ್ಜ್‌ಗಾಗಿ 'ಮ್ಯಾಕ್ರೊಕಾಸ್ಮೊಸ್' ಮೊದಲ ಸಂಪುಟ ಬಂತು. ಹನ್ನೆರಡು ರಾಶಿಗೆ ಹನ್ನೆರಡು ತುಣುಕು. ಒಂದರ ಸ್ವರಲಿಪಿ ವೃತ್ತಾಕಾರ, ಒಂದು ಸುರುಳಿ, ಒಂದು ಶಿಲುಬೆ. ಎಲ್ಲವನ್ನೂ ಕೈಯಲ್ಲೇ ಬರೆದದ್ದು. ಪ್ರಕಾಶಕರು ಆ ಕೈಬರಹವನ್ನೇ ಅಚ್ಚು ಹಾಕಿದರು.

1965ರಲ್ಲಿ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಗೆ ಬಂದರು. 1997ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ. 1968ರಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು. ಆದರೆ ನನ್ನ ಪ್ರಕಾರ ದೊಡ್ಡ ವರ್ಷ 1970.

ಆ ವರ್ಷ ಮಿಶಿಗನ್ ಯೂನಿವರ್ಸಿಟಿ ತನ್ನಲ್ಲೇ ಇದ್ದ ಸ್ಟ್ಯಾನ್ಲಿ ಕ್ವಾರ್ಟೆಟ್ ಎಂಬ ನಾಲ್ವರ ತಂತಿವಾದ್ಯ ತಂಡಕ್ಕಾಗಿ ಒಂದು ಕೃತಿ ಬರೆಸಿತು. ವಿಯೆಟ್ನಾಂ ಯುದ್ಧದ ಕಾಲ. ಕ್ರಂಬ್ ಬರೆದುಕೊಟ್ಟದ್ದು 'ಬ್ಲ್ಯಾಕ್ ಏಂಜಲ್ಸ್'. ಸ್ವರಲಿಪಿಯ ಮೇಲೆ 1970ರ ಮಾರ್ಚ್ 13, ಶುಕ್ರವಾರ ಎಂದು ಹಾಕಿ, ಲ್ಯಾಟಿನ್‌ನಲ್ಲಿ "ಯುದ್ಧದ ಸಮಯದಲ್ಲಿ" ಎಂದು ಸೇರಿಸಿದ್ದಾರೆ. ಇದು ನಾಲ್ಕು ತಂತಿವಾದ್ಯಗಳ ಸೌಮ್ಯ ಕಛೇರಿ ಅಲ್ಲ. ವಾದ್ಯಗಳಿಗೆ ವಿದ್ಯುತ್ ಜೋಡಿಸಿರುತ್ತಾರೆ. ಶುರುವಾಗುವುದೇ ಕಿವಿಗೆ ಚುಚ್ಚುವ ಹುಳುಗಳ ಹಿಂಡಿನಂಥ ಸದ್ದಿನಿಂದ. ವಾದಕರು ಕೂಗುತ್ತಾರೆ, ಬೇರೆ ಬೇರೆ ಭಾಷೆಗಳಲ್ಲಿ ಅಂಕಿ ಎಣಿಸುತ್ತಾರೆ, ಜಾಗಟೆ ಬಾರಿಸುತ್ತಾರೆ. ಕೊನೆಕೊನೆಗೆ ಮೂವರು ಗಾಜಿನ ಲೋಟಗಳ ಅಂಚಿಗೆ ಕಮಾನು ಎಳೆಯುತ್ತಾರೆ. ಲೋಟಗಳನ್ನು ನೀರು ತುಂಬಿ ಶ್ರುತಿ ಮಾಡಿರುತ್ತಾರೆ. ಅದರ ಮೇಲೆ ಚೆಲ್ಲೊ ಒಂಟಿಯಾಗಿ ಹಾಡುತ್ತದೆ. ಅಷ್ಟು ಭಯದ ನಂತರ ಬರುವ ಆ ಹಾಡನ್ನು ಕೇಳಿ ಸುಮ್ಮನೆ ಇರಲು ನನಗಂತೂ ಆಗಿಲ್ಲ.

ಇದನ್ನು ದೊಡ್ಡ ಸಭಾಂಗಣದ ಮಂಡಳಿಯೊಂದು ಆಗ ಬರೆಸುತ್ತಿತ್ತೇ? ನನಗೆ ಅನುಮಾನ. ಕ್ಯಾಂಪಸ್ ಬರೆಸಿತು. ಆದರೆ ಅದು ಕ್ಯಾಂಪಸ್‌ನೊಳಗೇ ಉಳಿಯಲಿಲ್ಲ, ಗಮನಿಸಬೇಕಾದದ್ದು ಇದನ್ನು. 1973ರಲ್ಲಿ ಡೇವಿಡ್ ಹ್ಯಾರಿಂಗ್ಟನ್ ಎಂಬ ಯುವ ಪಿಟೀಲು ವಾದಕ ರೇಡಿಯೊದಲ್ಲಿ ಇದನ್ನು ಕೇಳಿದರು. ಇದನ್ನು ನುಡಿಸಲೇಬೇಕು ಅಂತ ತಂಡ ಕಟ್ಟಿದರು. ಅದೇ ಕ್ರೊನೊಸ್ ಕ್ವಾರ್ಟೆಟ್. ಮುಂದೆ ಲೋಕದ ತುಂಬ ಹೆಸರಾದ ತಂಡ ಹುಟ್ಟಿದ್ದು ಒಬ್ಬ ಮೇಷ್ಟ್ರ ಕೃತಿಯಿಂದ.

ಅದೇ 1970ರಲ್ಲಿ ಕ್ರಂಬ್ ಬರೆದ 'ಏನ್ಷಿಯಂಟ್ ವಾಯ್ಸಸ್ ಆಫ್ ಚಿಲ್ಡ್ರನ್' ಇನ್ನೂ ಹತ್ತಿರದ್ದು. ಸ್ಪೇನಿನ ಕವಿ ಲೋರ್ಕಾ ಅವರ ಸಾಲುಗಳು. ಗಾಯಕಿ ಪಿಯಾನೊದ ಒಳಗೆ ಬಾಗಿ ಹಾಡುತ್ತಾರೆ. ಪೆಡಲ್ ಒತ್ತಿರುವುದರಿಂದ ತಂತಿಗಳೆಲ್ಲ ಬಿಡುಗಡೆಯಾಗಿರುತ್ತವೆ. ಅವರ ದನಿಗೆ ಹೊಂದುವ ತಂತಿಗಳು ತಾವೇ ಮಿಡಿದು ಉತ್ತರ ಕೊಡುತ್ತವೆ. ನಮ್ಮ ಸಿತಾರ್‌ನ ತರಫಿನ ತಂತಿಗಳ ಹಾಗೆ. ಆ ಕಣಿವೆಯ ಪ್ರತಿಧ್ವನಿ ಬಂದು ಕೂತದ್ದು ಇಲ್ಲೇ ಅಂತ ನನಗೆ ಅನಿಸುತ್ತದೆ. ಜೊತೆಗೆ ಮ್ಯಾಂಡೊಲಿನ್, ಗರಗಸ, ಮಕ್ಕಳ ಆಟಿಕೆ ಪಿಯಾನೊ. ಇದನ್ನು ಆನಂದಿಸಲು ಯಾವ ಡಿಗ್ರಿಯೂ ಬೇಡ, ಅಲ್ವಾ?

ಯೂನಿವರ್ಸಿಟಿ ಇಲ್ಲದವರ ಗತಿ ಏನಾಗುತ್ತಿತ್ತು ಅನ್ನುವುದಕ್ಕೆ ನಮ್ಮ ಮೈಸೂರಿಗೇ ಸೇರಿದ ಒಂದು ಕಥೆ ಇದೆ. ರಷ್ಯಾ ಬಿಟ್ಟು ಲಂಡನ್‌ನಲ್ಲಿ ನೆಲೆಸಿದ್ದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೊನೆಗಾಲದಲ್ಲಿ ಕೈಹಿಡಿದವರು ಜಯಚಾಮರಾಜೇಂದ್ರ ಒಡೆಯರ್. ಅವರ ಹಣದಿಂದಲೇ ಮೆಟ್ನರ್ ಸಂಗೀತದ ಧ್ವನಿಮುದ್ರಣ ನಡೆಯಿತು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ಕೃತಿ) ಮಹಾರಾಜರಿಗೆ ಅರ್ಪಿಸಿದರು. ಹೆಮ್ಮೆಯ ವಿಷಯವೇ. ಆದರೆ ಎಲ್ಲ ಸಂಯೋಜಕರಿಗೂ ಒಬ್ಬ ಮಹಾರಾಜ ಸಿಗುವುದಿಲ್ಲ. ಇಪ್ಪತ್ತನೇ ಶತಮಾನದ ಅಮೆರಿಕದಲ್ಲಿ ಆ ಕೆಲಸ ಮಾಡಿದ್ದು ಯೂನಿವರ್ಸಿಟಿಗಳು.

ಇದಕ್ಕೆ ಬೆಲೆ ತೆರಬೇಕಾಗಲಿಲ್ಲ ಅಂತ ನಾನು ಹೇಳುವುದಿಲ್ಲ. ಪಾಠ ಹೇಳುವುದು ಸಮಯ ತಿನ್ನುವ ಕೆಲಸ. ಕ್ರಂಬ್ 1990ರ ದಶಕದಲ್ಲಿ ಬರೆದದ್ದು ಕಡಿಮೆ. ನಿವೃತ್ತಿಯ ನಂತರ, ಎಪ್ಪತ್ತು ದಾಟಿದ ಮೇಲೆ, ಅಮೆರಿಕದ ಜನಪದ ಹಾಡುಗಳ ಏಳು ಸಂಪುಟಗಳನ್ನು ಹೊಸದಾಗಿ ಕಟ್ಟಿದರು. ಮೊದಲ ಒತ್ತಾಸೆ ಗಾಯಕಿ ಮಗಳು ಆ್ಯನ್ ಅವರದ್ದು. ಆ ಪಾಠದಿಂದ ಬೆಳೆದವರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಂಯೋಜಕರಾದ ಜೆನಿಫರ್ ಹಿಗ್ಡನ್, ಓಸ್ವಾಲ್ಡೊ ಗೊಲಿಹೊವ್ ಇಬ್ಬರೂ ಅವರ ಶಿಷ್ಯರು. ಇಬ್ಬರ ಸಂಗೀತವೂ ಗುರುವಿನಂತಿಲ್ಲ. ಒಳ್ಳೆ ಮೇಷ್ಟ್ರ ಗುರುತು ಅದು.

2022ರ ಫೆಬ್ರವರಿಯಲ್ಲಿ ಕ್ರಂಬ್ ತೀರಿಕೊಂಡರು. ಕೇಳಲು ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ: 'ಬ್ಲ್ಯಾಕ್ ಏಂಜಲ್ಸ್' ಆಮೇಲೆ ಇರಲಿ. ಮೊದಲು ಲೋರ್ಕಾ ಹಾಡುಗಳು, ಜ್ಯಾನ್ ಡಿಗೆಟಾನಿ ಹಾಡಿರುವ ರೆಕಾರ್ಡಿಂಗ್. ಆಮೇಲೆ 1971ರ 'ವಾಕ್ಸ್ ಬಲೀನೆ', ತಿಮಿಂಗಿಲದ ದನಿಯಿಂದ ಹುಟ್ಟಿದ್ದು, ಕೊಳಲು, ಚೆಲ್ಲೊ, ಪಿಯಾನೊದ ಮೂವರೇ ವಾದಕರು. ಹಿಂದೂಸ್ತಾನಿ ಕೇಳುವವರು ಅದೇ ವರ್ಷದ 'ಲಕ್ಸ್ ಎಟರ್ನಾ'ವನ್ನೂ ಹುಡುಕಿ. ಅದರಲ್ಲಿ ಸಿತಾರ್ ಇದೆ. ಆಲಾಪ ನಿರೀಕ್ಷಿಸಬೇಡಿ. ಹೆಡ್‌ಫೋನ್ ಹಾಕಿಕೊಳ್ಳಿ, ಅವರ ಸಣ್ಣ ಸದ್ದುಗಳು ಫೋನಿನ ಸ್ಪೀಕರ್‌ನಲ್ಲಿ ಕೇಳಿಸುವುದೇ ಇಲ್ಲ.